ಮುಖದ ಮೇಲಿನ ಕಪ್ಪೆಲ್ಲಾ ಬಂಗು ಅಲ್ಲ: ಬಿಸಿಲಿಗೆ ಕೆರಳುವ ಲೂಪಸ್, ಟ್ಯೂಬ್ ಹಚ್ಚಿ ಸುಮ್ಮನಾದರೆ ಕಿಡ್ನಿಗೆ ಅಪಾಯ

ಬೇಸಿಗೆ ಬಂತು ಅಂದರೆ ಪಾವಗಡ, ಮಧುಗಿರಿ, ಶಿರಾ ಕಡೆ ಮೆಡಿಕಲ್ ಶಾಪ್‌ಗಳ ಮುಂದೆ ಒಂದು ಮಾತು ಪದೇ ಪದೇ ಕೇಳಿಸುತ್ತೆ. "ಅಣ್ಣಾ, ಮುಖ ಎಲ್ಲಾ ಕಪ್ಪಾಗಿದೆ, ಬಿಸಿಲಿಗೆ ಹೋದ್ರೆ ಉರಿ ಬೇರೆ. ಒಂದು ಒಳ್ಳೇ ಟ್ಯೂಬ್ ಕೊಡಣ್ಣ." ಅಂಗಡಿಯವರು ಕೊಡ್ತಾರೆ, ಕೇಳಿದವರು ಹಚ್ಚಿಕೊಳ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಬಂಗೋ, ಬೆವರು ಗುಳ್ಳೆಯೋ, ಯಾವುದೋ ಕ್ರೀಮಿನ ಅಲರ್ಜಿಯೋ ಆಗಿರುತ್ತೆ ಅಂತಲೇ ಇಟ್ಟುಕೊಳ್ಳೋಣ. ಉಳಿದ ಆ ಒಂದು ಸಲದಲ್ಲಿ ಲೂಪಸ್ ಅನ್ನೋ ಕಾಯಿಲೆ ಅಡಗಿರಬಹುದು. ಟ್ಯೂಬ್ ಹಚ್ಚಿದಾಗ ಮೇಲಿನ ಕಲೆ ಮಂಕಾಗುತ್ತೆ, ಒಳಗೆ ಕಿಡ್ನಿ ಮಾತ್ರ ಸದ್ದಿಲ್ಲದೆ ಹಾಳಾಗುತ್ತಾ ಹೋಗಬಹುದು.

ಲೂಪಸ್ ತೀರಾ ಸಾಮಾನ್ಯ ಕಾಯಿಲೆ ಅಲ್ಲ, ಹಾಗಂತ ಕೇಳಿಯೇ ಇರದಷ್ಟು ಅಪರೂಪದ್ದೂ ಅಲ್ಲ. ಕಾಯಿಲೆ ಬಂದವರಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಅದರಲ್ಲೂ 15ರಿಂದ 45 ವರ್ಷದೊಳಗಿನವರೇ ಹೆಚ್ಚು. ಅಂದರೆ ಕಾಲೇಜಿಗೆ ಹೋಗೋ ಹುಡುಗಿ, ಹೊಸದಾಗಿ ಮದುವೆಯಾದವಳು, ಮಗು ಎತ್ತಿಕೊಂಡು ಅಂಗಡಿ ನೋಡಿಕೊಳ್ಳೋ ತಾಯಿ. ಮುಖದ ಬಣ್ಣದ ಬಗ್ಗೆ ಮನೆಯವರಿಗೂ ನೆರೆಯವರಿಗೂ ಅತಿ ಹೆಚ್ಚು ಮಾತಿರೋದು ಈ ವಯಸ್ಸಿನವರ ಮೇಲೆಯೇ. ಅದಕ್ಕೇ ಇವರು ಮೊದಲು ಹೋಗೋದು ಡಾಕ್ಟರ ಹತ್ತಿರ ಅಲ್ಲ, ಕ್ರೀಮಿನ ಹತ್ತಿರ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ

ಮೈಯೊಳಗೆ ರೋಗಾಣು ಬಂದರೆ ಹೊಡೆದೋಡಿಸಲು ರೋಗ ನಿರೋಧಕ ಶಕ್ತಿ ಇದೆ. ಲೂಪಸ್‌ನಲ್ಲಿ ಅದೇ ಶಕ್ತಿ ದಾರಿ ತಪ್ಪಿ ಸ್ವಂತ ಮೈಯನ್ನೇ ಶತ್ರು ಅಂದುಕೊಳ್ಳುತ್ತೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಹಾಗೆ. ಚರ್ಮ, ಕೀಲು, ಕಿಡ್ನಿ, ರಕ್ತ, ಶ್ವಾಸಕೋಶದ ಪೊರೆ, ಮಿದುಳು ಹೀಗೆ ಎಲ್ಲಿ ಬೇಕಾದರೂ ದಾಳಿ ಆಗಬಹುದು. ಕೆಲವರಿಗೆ ಚರ್ಮದಲ್ಲಿ ಮಾತ್ರ ಇರುತ್ತೆ. ಕೆಲವರಿಗೆ ಚರ್ಮದಿಂದ ಶುರುವಾಗಿ ಒಳಗೂ ಇಳಿಯುತ್ತೆ. ಇನ್ನು ಕೆಲವರಿಗೆ ಮೊದಲು ಕೀಲು ನೋವು, ಜ್ವರ, ಸುಸ್ತು ಬಂದು ಚರ್ಮದ ಲಕ್ಷಣ ಆಮೇಲೆ ಕಾಣುತ್ತೆ.

ಇದರಲ್ಲಿ ಬಿಸಿಲಿನ ಪಾತ್ರ ದೊಡ್ಡದು. ಬಿಸಿಲಿನಲ್ಲಿರೋ ಅಲ್ಟ್ರಾವಯೊಲೆಟ್ ಕಿರಣ ಬಿದ್ದಾಗ ಚರ್ಮದ ಕೆಲವು ಕಣಗಳು ಸಾಯುತ್ತವೆ. ಎಲ್ಲರಿಗೂ ಹೀಗೆ ಆಗುತ್ತೆ, ಸತ್ತ ಕಣಗಳನ್ನು ದೇಹ ಗುಡಿಸಿ ಹಾಕುತ್ತೆ. ಲೂಪಸ್ ಇರುವವರಲ್ಲಿ ಆ ಗುಡಿಸುವ ಕೆಲಸ ಸರಿಯಾಗಿ ನಡೆಯಲ್ಲ. ಸತ್ತ ಕಣದೊಳಗಿನ ವಸ್ತು ಹೊರಗೆ ಬಿದ್ದಾಗ ನಿರೋಧಕ ಶಕ್ತಿ ಅದನ್ನು ನೋಡಿ ರೊಚ್ಚಿಗೇಳುತ್ತೆ. ಆ ಗಲಾಟೆ ಚರ್ಮಕ್ಕಷ್ಟೇ ನಿಲ್ಲದೆ ಇಡೀ ಮೈಗೆ ಹಬ್ಬಬಹುದು. ಹಾಗಾಗಿ ಬಿಸಿಲಲ್ಲಿ ದಿನವಿಡೀ ಕೂತು ಬಂದವರಿಗೆ ಮುಖ ಕೆಂಪಾಗೋದರ ಜೊತೆಗೆ ಕೀಲು ನೋವು, ಜ್ವರ, ವಿಪರೀತ ಸುಸ್ತು ಸಹ ಬರೋದುಂಟು.

ಇಲ್ಲಿ ಒಂದು ಗೊಂದಲ ಇದೆ. ಬಿಸಿಲಿಗೆ ಹೋದ ದಿನವೇ ದದ್ದು ಏಳಬೇಕು ಅಂತಿಲ್ಲ. ಕೆಲವು ದಿನ ಬಿಟ್ಟು, ಒಮ್ಮೊಮ್ಮೆ ಎರಡು ಮೂರು ವಾರ ಬಿಟ್ಟು ಬರುತ್ತೆ. ಊರ ಜಾತ್ರೆಯಲ್ಲಿ ಮಧ್ಯಾಹ್ನ ಪೂರ್ತಿ ತೇರಿನ ಹಿಂದೆ ನಿಂತಿದ್ದಕ್ಕೂ, ಹದಿನೈದು ದಿನ ಆದಮೇಲೆ ಕತ್ತಿನ ಮೇಲೆ ಎದ್ದ ಮಚ್ಚೆಗೂ ಯಾರು ತಾನೆ ಸಂಬಂಧ ಕಲ್ಪಿಸುತ್ತಾರೆ? "ಏನೋ ತಿಂದಿದ್ದು ಆಗಿಲ್ಲ" ಅಂತ ಬದನೆಕಾಯಿ, ಕಡ್ಲೆಕಾಯಿ ಬಿಡಿಸ್ತಾರೆ. ಆ ಮಚ್ಚೆಗೂ ಬದನೆಕಾಯಿಗೂ ಸಂಬಂಧವಿಲ್ಲ.

ನಮ್ಮ ಮೈಬಣ್ಣದಲ್ಲಿ ಹೇಗೆ ಕಾಣುತ್ತೆ?

ಲೂಪಸ್ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಬಿಳಿ ಮುಖದ ಮೇಲೆ ಕೆಂಪು ಚಿಟ್ಟೆ ಕೂತಂತಹ ಫೋಟೊ ಸಿಗುತ್ತೆ. ಎರಡೂ ಕೆನ್ನೆ ರೆಕ್ಕೆ, ಮೂಗಿನ ಸೇತುವೆ ಚಿಟ್ಟೆಯ ಮೈ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಆ ಕೆಂಪು ಅಷ್ಟು ಎದ್ದು ಕಾಣಲ್ಲ. ಕಂದು, ನೇರಳೆ ಮಿಶ್ರಿತ ಕಪ್ಪು, ಅಥವಾ ಬರೀ ಕಪ್ಪಾಗಿ ಕಾಣುತ್ತೆ. ಅದಕ್ಕೇ ಬಂಗು ಅಂತ ಮೋಸ ಹೋಗೋದು.

ಎರಡಕ್ಕೂ ವ್ಯತ್ಯಾಸ ಗುರುತಿಸಲು ಕೆಲವು ಸುಳಿವು ಇವೆ. ಬಂಗು ಚಪ್ಪಟೆ, ಮುಟ್ಟಿದರೆ ಉಳಿದ ಚರ್ಮದ ಹಾಗೇ ಇರುತ್ತೆ, ಉರಿ ಇಲ್ಲ, ತಿಂಗಳುಗಟ್ಟಲೆ ಒಂದೇ ಥರ ಇರುತ್ತೆ. ಲೂಪಸ್‌ನ ಚಿಟ್ಟೆ ದದ್ದು ಸ್ವಲ್ಪ ಉಬ್ಬಿರಬಹುದು, ಬಿಸಿ ಅನ್ನಿಸಬಹುದು, ಉರಿಯಬಹುದು, ಬಿಸಿಲಿಗೆ ಕೆರಳಿ ಕೆಲವು ದಿನ ಇದ್ದು ಇಳಿದು ಮತ್ತೆ ಬರಬಹುದು. ಇನ್ನೊಂದು ಸುಳಿವನ್ನು ಕನ್ನಡಿ ಮುಂದೆ ನಿಂತು ಯಾರು ಬೇಕಾದರೂ ನೋಡಿಕೊಳ್ಳಬಹುದು. ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯೋ ಗೆರೆ ಇದೆಯಲ್ಲ, ಲೂಪಸ್ ದದ್ದು ಸಾಮಾನ್ಯವಾಗಿ ಆ ಗೆರೆಯನ್ನು ಬಿಟ್ಟುಬಿಡುತ್ತೆ. ತಲೆಹೊಟ್ಟಿನ ಜಾತಿಯ ಚರ್ಮದ ತೊಂದರೆ ಆದರೆ ಆ ಗೆರೆಯಲ್ಲೇ ಹೊಟ್ಟು ಹೊಟ್ಟಾಗಿ ಕೂರುತ್ತೆ. ಇದೊಂದನ್ನೇ ನಂಬಿ ತೀರ್ಮಾನ ಮಾಡುವಂತಿಲ್ಲ. ಆದರೆ ಡಾಕ್ಟರೂ ಮೊದಲು ನೋಡೋದು ಅಲ್ಲಿಯೇ.

ಎರಡನೇ ಬಗೆ ಎದೆಯ ಮೇಲ್ಭಾಗ, ಕತ್ತು, ಬೆನ್ನಿನ ಮೇಲ್ಭಾಗ, ತೋಳಿನ ಹೊರಮೈ ಮೇಲೆ ಬರುತ್ತೆ. ರವಿಕೆ ಬಿಟ್ಟು ಬಿಸಿಲು ಬೀಳೋ ಜಾಗ ಅಂದರೆ ಬೇಗ ಅರ್ಥವಾಗುತ್ತೆ. ಉಂಗುರದ ಹಾಗೆ ದುಂಡಗೆ, ಅಂಚಿನಲ್ಲಿ ಹೊಟ್ಟು. ನೋಡಿದ ತಕ್ಷಣ ಹುಳುಕಡ್ಡಿ ಅಂತಲೇ ಅನ್ನಿಸುತ್ತೆ. ಹುಳುಕಡ್ಡಿಗೆ ಕೊಡೋ ಮಾತ್ರೆಗಳಲ್ಲಿ ಟರ್ಬಿನಾಫಿನ್ ಒಂದು. ವಿಚಿತ್ರ ಅಂದರೆ, ಕೆಲವರಲ್ಲಿ ಈ ಬಗೆಯ ಲೂಪಸ್ ಕೆರಳಲು ಟರ್ಬಿನಾಫಿನ್ ಮಾತ್ರೆಯೇ ಕಾರಣ ಆಗುತ್ತೆ. ಬಿಪಿಗೆ ಕೊಡೋ ಹೈಡ್ರೋಕ್ಲೋರೋಥಯಜೈಡ್, ಗ್ಯಾಸ್ಟ್ರಿಕ್‌ಗೆ ಎಲ್ಲರೂ ನುಂಗೋ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಹುಳುಕಡ್ಡಿ ಅಂತ ಮಾತ್ರೆ ತೆಗೆದುಕೊಂಡ ಮೇಲೆ ಮಚ್ಚೆ ಕಡಿಮೆ ಆಗೋ ಬದಲು ಹರಡಿದರೆ, "ಡೋಸ್ ಸಾಲದು" ಅಂತ ಇನ್ನೊಂದು ಸ್ಟ್ರಿಪ್ ನುಂಗಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಮೂರನೇ ಬಗೆಯಲ್ಲಿ ಉಳಿದುಹೋಗೋ ಕಲೆ ಇರೋದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಇದು ನಾಣ್ಯದಂತೆ ದುಂಡಗಿನ, ದಪ್ಪ ಮಚ್ಚೆ. ಮುಖ, ತಲೆಬುರುಡೆ, ತುಟಿ, ಕಿವಿ ಮೇಲೆ ಬರುತ್ತೆ. ಕಿವಿಯ ಒಳಗಿನ ಬಟ್ಟಲಂಥ ಗುಳಿಯಲ್ಲಿ ಕಪ್ಪು ಚುಕ್ಕಿ, ಹೊಟ್ಟು ಕಂಡರೆ ಡಾಕ್ಟರ್‌ಗಳು ಕೂಡಲೇ ಲೂಪಸ್ ಬಗ್ಗೆ ಯೋಚಿಸ್ತಾರೆ. ಮಚ್ಚೆಯ ಅಂಚು ಗಾಢ ಕಪ್ಪಾಗಿ, ನಡುವೆ ಬಣ್ಣ ಹೋಗಿ ಬೆಳ್ಳಗಾಗುತ್ತೆ. ಚರ್ಮ ತೆಳುವಾಗಿ ಗುಳಿ ಬೀಳುತ್ತೆ. ತಲೆಯಲ್ಲಿ ಬಂದರೆ ಕೂದಲಿನ ಬುಡವೇ ಸುಟ್ಟ ಹಾಗಾಗಿ ಅಲ್ಲಿ ಮತ್ತೆ ಕೂದಲು ಹುಟ್ಟಲ್ಲ. ಬೇಗ ಔಷಧಿ ಶುರುವಾದರೆ ಕೂದಲು ಉಳಿಯುತ್ತೆ, ಕಲೆ ಆದಮೇಲೆ ಬಂದರೆ ಯಾವ ಎಣ್ಣೆಯಿಂದಲೂ ವಾಪಸ್ ಬರಲ್ಲ. ಇಂಗ್ಲೆಂಡಿನ ಗಾಯಕ ಸೀಲ್ ಅವರ ಕೆನ್ನೆಗಳ ಮೇಲಿನ ಗುಳಿಬಿದ್ದ ಕಲೆಗಳನ್ನು ನೋಡಿದವರು ಏನೋ ಗಾಯ ಅಂದುಕೊಳ್ತಾರೆ. ಅದು ಇದೇ ಕಾಯಿಲೆಯ ಗುರುತು.

ನಡುವೆ ಬಿಳಿಯಾಗೋದರಿಂದ ಇದನ್ನು ತೊನ್ನು ಅನ್ನೋರಿದ್ದಾರೆ, ಕುಷ್ಠ ಅಂತ ಹೆದರೋರೂ ಇದ್ದಾರೆ. ತೊನ್ನಿನಲ್ಲಿ ಚರ್ಮ ನುಣುಪಾಗೇ ಇರುತ್ತೆ, ಗುಳಿ ಬೀಳಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗಲ್ಲ. ಇನ್ನೂ ಒಂದು ಮಾತು: ವರ್ಷಗಟ್ಟಲೆ ಹಾಗೇ ಬಿಟ್ಟ ಹಳೆ ಕಲೆಯಲ್ಲಿ, ಅದರಲ್ಲೂ ತುಟಿಯ ಮೇಲೆ, ಮಾಯದ ಹುಣ್ಣು ಅಥವಾ ಗಂಟು ಎದ್ದರೆ ಕ್ಯಾನ್ಸರ್ ಇರಬಹುದಾ ಅಂತ ಪರೀಕ್ಷೆ ಮಾಡಿಸಲೇಬೇಕು.

ಇವು ಮೂರೂ ಲೂಪಸ್‌ಗೇ ಸೇರಿದ ಚರ್ಮದ ಲಕ್ಷಣ. ಜೊತೆಗೆ ಬರೋ ಇತರ ಲಕ್ಷಣಗಳೂ ಇವೆ. ಅಂಗುಳದಲ್ಲಿ, ಅಂದರೆ ಬಾಯಿಯ ಮೇಲ್ಚಾವಣಿಯಲ್ಲಿ, ಹುಣ್ಣು ಆಗುತ್ತೆ. ಅದು ಅನೇಕ ಸಲ ನೋಯೋದೇ ಇಲ್ಲ, ಹಾಗಾಗಿ ಇರೋದೇ ಗೊತ್ತಾಗಲ್ಲ. ಕಾಯಿಲೆ ಜೋರಾದಾಗ ಬಾಚಣಿಗೆ ತುಂಬ ಕೂದಲು ಬರುತ್ತೆ, ಹಣೆಯ ಅಂಚಿನ ಕೂದಲು ಒಣಗಿ ಚಿಕ್ಕದಾಗಿ ತುಂಡಾಗುತ್ತೆ. ಇದು ಮಾತ್ರ ಮತ್ತೆ ಬೆಳೆಯೋ ಬಗೆ. ಚಳಿಯಲ್ಲಿ, ತಣ್ಣೀರಿನಲ್ಲಿ ಕೈಯಿಟ್ಟಾಗ ಬೆರಳು ಬೆಳ್ಳಗೆ, ಆಮೇಲೆ ನೀಲಿ, ಆಮೇಲೆ ಕೆಂಪಗೆ ತಿರುಗೋದು ಇನ್ನೊಂದು. ಬೆರಳ ತುದಿಯಲ್ಲಿ ಕಪ್ಪು ಚುಕ್ಕಿ, ಹುಣ್ಣು ಬಿದ್ದರೆ ಮಾತ್ರ ನಾಳೆ ಅನ್ನಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತನಾಳಕ್ಕೆ ಪೆಟ್ಟು ಬಿದ್ದಿರುವ ಸೂಚನೆ ಅದು.

ಟ್ಯೂಬಿನ ಕಥೆ

ಈಗ ಮೆಡಿಕಲ್ ಶಾಪಿನ ವಿಷಯ. ಬೆಳ್ಳಗಾಗಲು, ಬಂಗಿಗೆ, ತುರಿಕೆಗೆ ಅಂತ ಮಾರಾಟವಾಗೋ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಹಚ್ಚಿದ ಮೂರ್ನಾಲ್ಕು ದಿನಕ್ಕೆ ಯಾವ ದದ್ದಾದರೂ ತಣ್ಣಗಾಗುತ್ತೆ. ಗಿರಾಕಿಗೆ ಖುಷಿ, ಅಂಗಡಿಗೆ ಹೆಸರು. ಬಿಟ್ಟ ತಕ್ಷಣ ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತೆ. ಮತ್ತೆ ಟ್ಯೂಬು. ಹೀಗೆ ಆರು ತಿಂಗಳು, ವರ್ಷ ಕಳೆದರೆ ಮುಖದ ಚರ್ಮ ತೆಳ್ಳಗಾಗಿ, ನರದಂಥ ಕೆಂಪು ಗೆರೆ ಕಾಣಿಸಿ, ಗುಳ್ಳೆ, ಬೇಡದ ಕೂದಲು ಬೆಳೆದು, ಬಿಸಿಲು ತಾಗಿದರೆ ಉರಿಯೋ ಸ್ಥಿತಿಗೆ ಬರುತ್ತೆ. ಆಗ ಡಾಕ್ಟರ ಹತ್ತಿರ ಹೋದರೂ ಯಾವುದು ಟ್ಯೂಬು ಮಾಡಿದ ಹಾನಿ, ಯಾವುದು ಕಾಯಿಲೆ ಅಂತ ಬಿಡಿಸೋದೇ ಕಷ್ಟ.

ಇಂಥ ದುರ್ಬಳಕೆ ಜಾಸ್ತಿಯಾದ ಕಾರಣಕ್ಕೇ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಡಾಕ್ಟರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ನಿಯಮ ಇದೆ, ಪಾಲನೆ ಎಷ್ಟಿದೆ ಅನ್ನೋದು ಪೇಟೆಯಲ್ಲಿ ಓಡಾಡೋರಿಗೆಲ್ಲಾ ಗೊತ್ತಿರೋ ವಿಷಯ.

ಹಾಗಂತ ಸ್ಟೀರಾಯ್ಡ್ ವಿಷ ಅಂತ ಅಲ್ಲ. ಲೂಪಸ್ ದದ್ದಿಗೆ ಚರ್ಮದ ಡಾಕ್ಟರೇ ಸ್ಟೀರಾಯ್ಡ್ ಮುಲಾಮು ಬರೆದುಕೊಡ್ತಾರೆ. ಮುಖಕ್ಕೆ ಯಾವ ಶಕ್ತಿಯದ್ದು, ತಲೆಗೆ ಯಾವುದು, ಎಷ್ಟು ದಿನ, ಯಾವಾಗ ನಿಲ್ಲಿಸಿ ಟ್ಯಾಕ್ರೋಲಿಮಸ್ ಥರದ ಬೇರೆ ಮುಲಾಮಿಗೆ ಬದಲಾಯಿಸಬೇಕು ಅಂತ ಲೆಕ್ಕ ಇಟ್ಟಿರ್ತಾರೆ. ಕಾಯಿಲೆ ಯಾವುದು ಅಂತ ತಿಳಿಯದೆ, ಲೆಕ್ಕವೂ ಇಲ್ಲದೆ ಹಚ್ಚೋದು ತೊಂದರೆ. ಅಂಗಡಿಯವರು ಒಂದು ಕೆಲಸ ಮಾಡಬಹುದು. ಮುಖದ ದದ್ದಿಗೆ ಟ್ಯೂಬ್ ಕೇಳಿ ಬಂದವರನ್ನು ಎರಡು ಪ್ರಶ್ನೆ ಕೇಳಿ: ಬಿಸಿಲಿಗೆ ಹೋದರೆ ಜಾಸ್ತಿ ಆಗುತ್ತಾ? ಬೆಳಿಗ್ಗೆ ಎದ್ದಾಗ ಕೈಬೆರಳಿನ ಕೀಲು ಹಿಡಿದುಕೊಳ್ಳುತ್ತಾ? ಎರಡಕ್ಕೂ ಹೌದು ಅಂದರೆ ಟ್ಯೂಬಿನ ಬದಲು ಡಾಕ್ಟರ ವಿಳಾಸ ಕೊಡಿ. ಒಂದು ಟ್ಯೂಬಿನ ವ್ಯಾಪಾರ ಹೋಗಬಹುದು, ಗಿರಾಕಿ ಉಳೀತಾರೆ.

ಮೂತ್ರ ಪರೀಕ್ಷೆ ಯಾಕೆ ಮಾಡಿಸಬೇಕು

ಚರ್ಮದ ಕಾಯಿಲೆಗೆ ಮೂತ್ರ ಪರೀಕ್ಷೆ ಬರೆದರೆ ಜನ "ಇವರೇನು ಲ್ಯಾಬಿನವರ ಕಮಿಷನ್‌ಗೆ ಬರೀತಾರಾ" ಅಂತ ಅನುಮಾನಿಸ್ತಾರೆ. ಲೂಪಸ್ ವಿಷಯದಲ್ಲಿ ಆ ಅನುಮಾನ ಬೇಡ. ಲೂಪಸ್ ಮೈಗೆಲ್ಲಾ ಹಬ್ಬಿದವರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಕಿಡ್ನಿಗೂ ತೊಂದರೆ ಆಗುತ್ತೆ. ಶುರುವಿನಲ್ಲಿ ನೋವೂ ಇಲ್ಲ, ಉರಿಯೂ ಇಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರಲು ಶುರುವಾಗಿರುತ್ತೆ ಅಷ್ಟೇ. ನೊರೆ ನೊರೆ ಮೂತ್ರ, ಸಂಜೆ ಹೊತ್ತಿಗೆ ಕಾಲಿನಲ್ಲಿ ಬಾವು, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಚಿಕ್ಕ ವಯಸ್ಸಿಗೇ ಬಿಪಿ ಇವೆಲ್ಲಾ ಆಮೇಲೆ ಬರುತ್ತವೆ. ಅಮೆರಿಕದ ಗಾಯಕಿ ಸೆಲೆನಾ ಗೋಮೆಜ್ ತಮಗೆ ಲೂಪಸ್ ಇದೆ ಅಂತ 2015ರಲ್ಲಿ ಹೇಳಿದ್ದರು. 2017ರಲ್ಲಿ ಅವರಿಗೆ ಕಿಡ್ನಿ ಕಸಿ ಆಯಿತು. ದುಡ್ಡಿದ್ದವರಿಗೂ ಕಿಡ್ನಿ ತಪ್ಪಿಸಿಕೊಳ್ಳಲಿಲ್ಲ ಅಂತ ಅದನ್ನು ಓದಿಕೊಳ್ಳಬೇಕು.

ಮೂತ್ರದಲ್ಲಿ ಪ್ರೋಟೀನ್ ನೋಡೋದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗೋ ಸಣ್ಣ ಪರೀಕ್ಷೆ. ಜೊತೆಗೆ ರಕ್ತದ ಕಣಗಳ ಎಣಿಕೆ, ಕ್ರಿಯಾಟಿನಿನ್, ಬಿಪಿ. ಇಷ್ಟು ಮಾಡಿಸಲು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಎಎನ್‌ಎ ಅನ್ನೋ ರಕ್ತ ಪರೀಕ್ಷೆ ಇದರ ಬಾಗಿಲು. ಲೂಪಸ್ ಮೈಗೆ ಹಬ್ಬಿದವರಲ್ಲಿ ಬಹುತೇಕ ಎಲ್ಲರಿಗೂ ಇದು ಪಾಸಿಟಿವ್ ಬರುತ್ತೆ. ಆದರೆ ಯಾವ ಕಾಯಿಲೆಯೂ ಇಲ್ಲದ ಕೆಲವರಿಗೂ ಪಾಸಿಟಿವ್ ಬರುತ್ತೆ, ಥೈರಾಯ್ಡ್ ಇರುವವರಿಗೂ ಬರಬಹುದು. ರಿಪೋರ್ಟ್‌ನಲ್ಲಿ ಪಾಸಿಟಿವ್ ಅಂತ ಕಂಡ ತಕ್ಷಣ ಮನೆಯಲ್ಲಿ ಅಳು ಶುರು ಮಾಡೋ ಅಗತ್ಯ ಇಲ್ಲ. ಲಕ್ಷಣ, ಡಿಎಸ್ ಡಿಎನ್‌ಎ ಥರದ ಇನ್ನೂ ಕೆಲವು ಪರೀಕ್ಷೆ, ಅನುಮಾನ ಇದ್ದರೆ ಚರ್ಮದ ಚಿಕ್ಕ ಚೂರು ತೆಗೆದು ನೋಡೋ ಬಯಾಪ್ಸಿ, ಇವನ್ನೆಲ್ಲಾ ಒಟ್ಟಿಗೆ ಇಟ್ಟು ತೀರ್ಮಾನ ಮಾಡ್ತಾರೆ. ಬಯಾಪ್ಸಿ ಅಂದರೆ ಕ್ಯಾನ್ಸರ್ ಅಂತ ಹೆದರೋರು ಬಹಳ. ಇಲ್ಲಿ ಹಾಗಲ್ಲ. ಕಾಳಿನಷ್ಟು ಚರ್ಮ, ಒಂದೆರಡು ಹೊಲಿಗೆ, ಅಷ್ಟೇ.

ನಾಣ್ಯದಂಥ ಮಚ್ಚೆ ಮಾತ್ರ ಇರುವವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಒಳಗೆ ಇಳಿಯಲ್ಲ. ಇಳಿಯೋದು ಸ್ವಲ್ಪ ಜನಕ್ಕೆ, ಅದಕ್ಕೇ ಅವರೂ ಆಗಾಗ ಮೂತ್ರ, ರಕ್ತ ನೋಡಿಸಿಕೊಳ್ಳುತ್ತಾ ಇರಬೇಕು. ಚಿಟ್ಟೆ ದದ್ದು ಬಂದವರಲ್ಲಿ ಕಾಯಿಲೆ ಒಳಗೂ ಇರೋ ಸಾಧ್ಯತೆ ತುಂಬ ಹೆಚ್ಚು.

ಚರ್ಮದ ಡಾಕ್ಟರ್ ಜಿಲ್ಲಾ ಕೇಂದ್ರದಲ್ಲಿ ಸಿಗ್ತಾರೆ. ಕಾಯಿಲೆ ಕೀಲಿಗೋ ಕಿಡ್ನಿಗೋ ಹೋಗಿದ್ದರೆ ರುಮಟಾಲಜಿಸ್ಟ್ ಬೇಕಾಗುತ್ತೆ. ಅವರ ಸಂಖ್ಯೆ ಕಡಿಮೆ, ಹೆಚ್ಚಿನವರು ಬೆಂಗಳೂರಿನಲ್ಲೇ ಇರೋದು. ಪಾವಗಡದಿಂದ ಬೆಂಗಳೂರಿಗೆ ಹೋಗಿ ಬರೋದು ಅಂದರೆ ಒಂದು ದಿನದ ಕೂಲಿ ಹೋಯ್ತು, ಜೊತೆಗೆ ಬರೋರದ್ದೂ ಹೋಯ್ತು. ಅದಕ್ಕೇ ಮೊದಲ ಪರೀಕ್ಷೆಗಳನ್ನು ಇಲ್ಲೇ ಮಾಡಿಸಿ, ರಿಪೋರ್ಟ್ ಕೈಯಲ್ಲಿ ಹಿಡಿದು ಹೋದರೆ ಒಂದು ಸುತ್ತು ಉಳಿಯುತ್ತೆ.

ಈ ಸೀಮೆಯ ಬಿಸಿಲಿನಲ್ಲಿ ಬದುಕೋದು ಹೇಗೆ

ತಿರುಮಣಿ ಸುತ್ತಮುತ್ತ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂದಿದ್ದೇ ಇಲ್ಲಿನ ಬಿಸಿಲು ನೋಡಿ. ಅಂಥ ಬಿಸಿಲಿನ ಊರಲ್ಲಿ "ಬಿಸಿಲಿಗೆ ಹೋಗಬೇಡಿ" ಅಂತ ಚೀಟಿಯಲ್ಲಿ ಬರೆದುಕೊಟ್ಟರೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋರು, ಕಡ್ಲೆಕಾಯಿ ಕೀಳೋರು, ಸಂತೆಯಲ್ಲಿ ತರಕಾರಿ ಹರಡಿ ಕೂರೋರು ಏನು ಮಾಡಬೇಕು? ಪೂರ್ತಿ ತಪ್ಪಿಸಲು ಆಗಲ್ಲ, ಕಡಿಮೆ ಮಾಡಿಕೊಳ್ಳಬಹುದು.

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಬಿಸಿಲು ಹೆಚ್ಚು ಕೆಟ್ಟದ್ದು. ಹೊಲದ ಕೆಲಸವನ್ನು ಬೆಳಗಿನ ಜಾವಕ್ಕೆ, ಇಳಿಹೊತ್ತಿಗೆ ಹಾಕಿಕೊಳ್ಳೋದು ಮೊದಲ ಉಪಾಯ. ಹೊಲಕ್ಕೆ ಹೋಗೋ ಹೆಂಗಸರು ಸೀರೆ ಮೇಲೆ ಗಂಡನ ಹಳೇ ಫುಲ್ ತೋಳಿನ ಅಂಗಿ ಹಾಕಿಕೊಳ್ಳೋ ಪದ್ಧತಿ ಇದೆಯಲ್ಲ, ಲೂಪಸ್ ಇರುವವರಿಗೆ ಅದಕ್ಕಿಂತ ಒಳ್ಳೇ ರಕ್ಷಣೆ ಬೇರೆ ಇಲ್ಲ. ಬಟ್ಟೆ ಒತ್ತಾಗಿ ನೇಯ್ದದ್ದು, ಸ್ವಲ್ಪ ಗಾಢ ಬಣ್ಣದ್ದು ಇದ್ದರೆ ಕಿರಣ ಕಡಿಮೆ ತೂರುತ್ತೆ. ತೆಳು ಬಿಳಿ ಬಟ್ಟೆ ತಂಪು ಅನ್ನಿಸಿದರೂ ಕಿರಣವನ್ನು ಅಷ್ಟು ತಡೆಯಲ್ಲ, ಬೆವರಿಗೆ ನೆಂದ ಮೇಲಂತೂ ಇನ್ನೂ ಕಡಿಮೆ. ತಲೆಗೆ ಟವೆಲ್ ಸುತ್ತಿದರೆ ನೆತ್ತಿ ಉಳಿಯುತ್ತೆ, ಕೆನ್ನೆ ಮೂಗು ಉಳಿಯಲ್ಲ. ಅಗಲ ಅಂಚಿನ ಟೋಪಿ ಅಥವಾ ಕೊಡೆ ಬೇಕು. ಬೇಸಿಗೆಯಲ್ಲಿ ಕೊಡೆ ಹಿಡಿದರೆ ನಗೋರು ನಗಲಿ.

ಅಂಗಡಿಯವರು ನೆರಳಲ್ಲೇ ಇರ್ತಾರೆ ಅನ್ನೋದು ಅರ್ಧ ಸತ್ಯ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ ಗಲ್ಲಾಪೆಟ್ಟಿಗೆಗೆ ಮಧ್ಯಾಹ್ನ ಎರಡರಿಂದಲೇ ಬಿಸಿಲು ಹೊಡೆಯುತ್ತೆ. ಗಾಜಿನ ಬಾಗಿಲು ಹಾಕಿಸಿದ್ದೀವಿ ಅಂದರೂ, ಅಲ್ಟ್ರಾವಯೊಲೆಟ್‌ನಲ್ಲಿ ಎ ಬಗೆಯ ಕಿರಣ ಸಾದಾ ಗಾಜಿನ ಮೂಲಕ ಒಳಗೆ ಬರುತ್ತೆ. ಬಸ್ಸಿನ ಕಿಟಕಿ, ಕಾರಿನ ಪಕ್ಕದ ಗಾಜು ಕೂಡ ಹಾಗೇ. ಒಂದು ಪರದೆ ಇಳಿಬಿಡೋದು, ಕುರ್ಚಿ ಎರಡು ಅಡಿ ಒಳಗೆ ಸರಿಸೋದು, ಸಂತೆಯಲ್ಲಾದರೆ ಮೇಲೆ ಟಾರ್ಪಾಲ್ ಜೊತೆಗೆ ಪಕ್ಕಕ್ಕೂ ಒಂದು ಕಟ್ಟೋದು ಹೆಚ್ಚು ಖರ್ಚಿನ ಕೆಲಸ ಅಲ್ಲ. ಮೋಡ ಇದ್ದ ದಿನವೂ ಕಿರಣ ಇರುತ್ತೆ. ಸಿಮೆಂಟ್ ನೆಲ, ಮರಳು, ಸುಣ್ಣ ಬಳಿದ ಗೋಡೆಯಿಂದ ಪುಟಿದು ಬರುತ್ತೆ. ವೆಲ್ಡಿಂಗ್ ಬೆಳಕಿನಲ್ಲೂ ಅಲ್ಟ್ರಾವಯೊಲೆಟ್ ಜೋರಾಗಿರೋದರಿಂದ ವರ್ಕ್‌ಶಾಪ್ ಪಕ್ಕದಲ್ಲಿ ಅಂಗಡಿ ಇಟ್ಟವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಬಟ್ಟೆ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಕನಿಷ್ಠ, 50 ಆದರೆ ಒಳ್ಳೇದು, ಎ ಕಿರಣವನ್ನೂ ತಡೆಯುತ್ತೆ ಅಂತ ಬರೆದಿರಬೇಕು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ, ಕತ್ತಿಗೆ ಸಾಕಾಗೋ ಅಳತೆ. ಹೆಚ್ಚಿನವರು ಬಟಾಣಿ ಕಾಳಿನಷ್ಟು ಹಚ್ಚಿ ಮುಗಿಸ್ತಾರೆ, ಆಮೇಲೆ ಕೆಲಸ ಮಾಡಲಿಲ್ಲ ಅಂತಾರೆ. ಹೊರಗೆ ಹೋಗೋ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿವಿ, ಕತ್ತಿನ ಹಿಂಭಾಗ ಮರೆಯಬಾರದು. ಬೆಳ್ಳಗಾಗೋ ಕ್ರೀಮು ಸನ್‌ಸ್ಕ್ರೀನ್ ಅಲ್ಲ. ಇಷ್ಟೆಲ್ಲಾ ಹಚ್ಚಲು ತಿಂಗಳಿಗೆ ಖರ್ಚು ಬೀಳುತ್ತೆ, ಸಾಲದೆ ಹೋದರೆ ಮೊದಲ ದುಡ್ಡು ಕೊಡೆಗೂ ಅಂಗಿಗೂ ಹೋಗಲಿ. ಬಿಸಿಲು ತಪ್ಪಿಸೋದರಿಂದ ವಿಟಮಿನ್ ಡಿ ಕಡಿಮೆ ಆಗಬಹುದು, ಅದಕ್ಕೆ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬಹುದು.

ಬೀಡಿ, ಸಿಗರೇಟ್ ಸೇದುವವರಲ್ಲಿ ಚರ್ಮದ ಲೂಪಸ್ ಹೆಚ್ಚು ಮೊಂಡು. ಔಷಧಿಯೂ ಅಷ್ಟು ಹಿಡಿಯಲ್ಲ.

ಮಲೇರಿಯಾ ಮಾತ್ರೆ ಅಂತ ಬಿಟ್ಟುಬಿಡಬೇಡಿ

ಲೂಪಸ್ ಇರುವ ಬಹುತೇಕ ಎಲ್ಲರಿಗೂ ಡಾಕ್ಟರ್ ಕೊಡೋದು ಹೈಡ್ರಾಕ್ಸಿಕ್ಲೋರೋಕ್ವಿನ್. ಮೂಲದಲ್ಲಿ ಮಲೇರಿಯಾ ಔಷಧಿಯ ಜಾತಿ. ಚೀಟಿ ನೋಡಿದ ಯಾರೋ ಸಂಬಂಧಿಕರು "ನಿಂಗೇನು ಮಲೇರಿಯಾನಾ, ಯಾಕೆ ಇದು?" ಅಂತಾರೆ, ಪೇಷೆಂಟ್ ಮಾತ್ರೆ ಬಿಡ್ತಾರೆ. ಕ್ವಿನೈನ್ ಜಾತಿಯ ಔಷಧಿ ಲೂಪಸ್ ಚರ್ಮಕ್ಕೆ ಹಿಡಿಯುತ್ತೆ ಅನ್ನೋದು 19ನೇ ಶತಮಾನದ ಕೊನೆಯಲ್ಲೇ ಲಂಡನ್ನಿನ ವೈದ್ಯರಿಗೆ ಗೊತ್ತಾಗಿತ್ತು. ಇದು ದದ್ದನ್ನು ಇಳಿಸುತ್ತೆ, ಕಾಯಿಲೆ ಮತ್ತೆ ಕೆರಳೋದನ್ನು ಕಡಿಮೆ ಮಾಡುತ್ತೆ, ಒಳ ಅಂಗಗಳನ್ನೂ ಕಾಯುತ್ತೆ. ಆದರೆ ನಿಧಾನ. ಎರಡು ಮೂರು ತಿಂಗಳು ನುಂಗಿದ ಮೇಲೆ ಗುಣ ಕಾಣೋದು. ಹದಿನೈದು ದಿನಕ್ಕೆ ಏನೂ ಆಗಲಿಲ್ಲ ಅಂತ ನಿಲ್ಲಿಸಿದವರಿಗೆ ಔಷಧಿ ಫೇಲಾಗಿಲ್ಲ, ಶುರುವೇ ಆಗಿರಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾಗೆ ಇದೇ ಮಾತ್ರೆ ಅಂತ ಸುದ್ದಿಯಾಗಿ ಜನ ಮುಗಿಬಿದ್ದಾಗ, ವರ್ಷಗಳಿಂದ ನುಂಗುತ್ತಿದ್ದ ಲೂಪಸ್‌ನವರು ಅಂಗಡಿ ಅಂಗಡಿ ಅಲೆದಿದ್ದರು. ಆಗಲೇ ಸರ್ಕಾರ ಇದನ್ನು ಶೆಡ್ಯೂಲ್ ಎಚ್1ಗೆ ತಂದಿದ್ದು. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಅಂಗಡಿಯವರ ಮೇಲೆ ಸಿಟ್ಟಾಗೋ ಹಾಗಿಲ್ಲ.

ಡೋಸ್ ದೇಹದ ತೂಕದ ಮೇಲೆ. ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ಮೀರದಂತೆ ನೋಡ್ತಾರೆ. ಬಹಳ ವರ್ಷ ತೆಗೆದುಕೊಂಡ ಕೆಲವರಿಗೆ ಕಣ್ಣಿನ ಹಿಂಪರದೆಗೆ ಹಾನಿ ಆಗಬಹುದು. ಹಾಗಾಗಿ ಶುರುವಿನಲ್ಲಿ ಒಮ್ಮೆ, ಐದು ವರ್ಷ ಆದಮೇಲೆ ಪ್ರತಿವರ್ಷ ಕಣ್ಣಿನ ಪರೀಕ್ಷೆ ಬೇಕು. ಕಿಡ್ನಿ ತೊಂದರೆ ಇದ್ದರೆ ಇನ್ನೂ ಬೇಗ. ಕಣ್ಣು ಹೋಗುತ್ತೆ ಅಂತ ಹೆದರಿ ಮಾತ್ರೆಯನ್ನೇ ಬಿಡೋದು ಮಾತ್ರ ನಷ್ಟದ ವ್ಯಾಪಾರ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಅದನ್ನು ಒಮ್ಮೆಗೇ ನಿಲ್ಲಿಸಬಾರದು, ಜೀವಕ್ಕೇ ಅಪಾಯ. ಬೇರೆ ಯಾವುದೇ ಕಾಯಿಲೆಗೆ ಡಾಕ್ಟರ ಹತ್ತಿರ ಹೋದಾಗಲೂ ಲೂಪಸ್ ಇದೆ ಅಂತ ಮೊದಲೇ ಹೇಳಿ. ಸಲ್ಫಾ ಜಾತಿಯ ಔಷಧಿ ಕೆಲವರಲ್ಲಿ ಕಾಯಿಲೆ ಕೆರಳಿಸುತ್ತೆ.

ಅಂಟಲ್ಲ, ಮದುವೆಗೂ ಅಡ್ಡಿಯಲ್ಲ

ಲೂಪಸ್ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಟವೆಲ್ ಬಳಸಿದರೆ ಬರಲ್ಲ. ಮುಖದ ಮೇಲೆ ಮಚ್ಚೆ ಇದೆ ಅಂತ ಹೋಟೆಲ್ ಕೌಂಟರಿನಿಂದ ಹುಡುಗಿಯನ್ನು ಒಳಗೆ ಪಾತ್ರೆ ತೊಳೆಯಲು ಕಳಿಸೋದಕ್ಕೆ ಯಾವ ಕಾರಣವೂ ಇಲ್ಲ. ಚರ್ಮದ ಕಾಯಿಲೆ ಅಂದರೆ ನಾಗದೋಷ ಅಂತ ಹರಕೆ ಹೊರೋ ನಂಬಿಕೆ ಈ ಕಡೆ ಇದೆ. ಘಾಟಿಗೆ ಹೋಗಿ ಬನ್ನಿ, ಯಾರೂ ಬೇಡ ಅನ್ನಲ್ಲ. ಹೋಗೋ ಮೊದಲು ಮೂತ್ರ ಪರೀಕ್ಷೆಗೆ ಕೊಟ್ಟು ಹೋಗಿ.

ಮದುವೆ ಆಗಬಹುದು, ಮಕ್ಕಳೂ ಆಗಬಹುದು. ಕಾಯಿಲೆ ಆರು ತಿಂಗಳಾದರೂ ತಣ್ಣಗಿದ್ದ ಮೇಲೆ ಬಸುರಾಗೋದು ಒಳ್ಳೇದು. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ತೆಗೆದುಕೊಳ್ಳುವವರು ಮೊದಲೇ ಡಾಕ್ಟರಿಗೆ ಹೇಳಿ ಔಷಧಿ ಬದಲಾಯಿಸಿಕೊಳ್ಳಬೇಕು, ಅವು ಮಗುವಿಗೆ ಹಾನಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಬಸುರಿನಲ್ಲೂ ಮುಂದುವರಿಸೋ ಮಾತ್ರೆ. "ಬಸುರಿ ಮಾತ್ರೆ ನುಂಗಬಾರದು" ಅಂತ ಅತ್ತೆ ಹೇಳಿದರೂ ಬಿಡಬಾರದು. ತಾಯಿಯ ರಕ್ತದಲ್ಲಿ ಆಂಟಿ ರೋ ಅನ್ನೋ ಅಂಶ ಇದ್ದರೆ ಹುಟ್ಟಿದ ಮಗುವಿಗೆ ಕಣ್ಣಿನ ಸುತ್ತ, ತಲೆಯ ಮೇಲೆ ಉಂಗುರದಂಥ ದದ್ದು ಬರಬಹುದು. ಆರು ತಿಂಗಳೊಳಗೆ ತಾನಾಗೇ ಹೋಗುತ್ತೆ. ಅಪರೂಪಕ್ಕೆ, ಅಂದರೆ ಇಂಥ ತಾಯಂದಿರ ನೂರು ಮಕ್ಕಳಲ್ಲಿ ಒಂದೆರಡಕ್ಕೆ, ಹೃದಯದ ಬಡಿತ ನಿಧಾನವಾಗೋ ತೊಂದರೆ ಹೊಟ್ಟೆಯಲ್ಲಿರುವಾಗಲೇ ಬರುತ್ತೆ. ಅದಕ್ಕೆ ಈ ಪರೀಕ್ಷೆ ಬಸುರಿಗೆ ಮೊದಲೇ ಆಗಿರಬೇಕು, ಸ್ಕ್ಯಾನಿಂಗ್ ಮಾಡೋರಿಗೂ ವಿಷಯ ತಿಳಿದಿರಬೇಕು.

ಡಾಕ್ಟರ ಹತ್ತಿರ ಹೋಗೋ ದಿನ ದದ್ದು ಇಳಿದುಬಿಟ್ಟಿರೋದು ಮಾಮೂಲು. ಹಾಗಾಗಿ ದದ್ದು ಜೋರಾಗಿದ್ದಾಗಲೇ ಹಗಲು ಬೆಳಕಿನಲ್ಲಿ, ಬ್ಯೂಟಿ ಫಿಲ್ಟರ್ ಹಾಕದೆ, ಮುಖದ ಎರಡೂ ಪಕ್ಕ, ಕಿವಿ, ಕತ್ತು, ಕೈಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಇದುವರೆಗೆ ಹಚ್ಚಿದ ಎಲ್ಲ ಟ್ಯೂಬ್‌ಗಳನ್ನೂ, ಖಾಲಿಯಾಗಿದ್ದರೂ ಸರಿ, ಒಂದು ಕವರಿಗೆ ಹಾಕಿ ಜೊತೆಗೆ ಒಯ್ಯಿರಿ. ನಾಚಿಕೊಂಡು ಮನೆಯಲ್ಲಿ ಬಿಟ್ಟು ಹೋಗಬೇಡಿ.